ಹಸನ್ ಸಾಹೇಬರು ಆರಿಸಿದ ಜೀಪು

ಆಗ ನಾನು ಶೃಂಗೇರಿಯಲ್ಲಿ ನರ್ಸ್. ಬೇಗಾರಿನಾಚೆ ಗುಡ್ಡದ ಮೇಲೊಬ್ಬಳಿಗೆ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂತು. ಬಾಡಿಗೆಗೆ ಓಡಿಸುವ ಹಸನ್ ಸಾಹೇಬರ ಶೆಡ್ಡಿನಲ್ಲಿ ಎರಡು ಜೀಪಿದ್ದವು. ನಾನು ಹೊಸದರ ಬಾಗಿಲು ತೆಗೆದೆ.

"ಅದು ಬೇಡ ಸಿಸ್ಟರ್, ಉದ್ದ ಜಾಸ್ತಿ. ಮೇಲಿನ ತಿರುವಲ್ಲಿ ತಿರುಗಲ್ಲ," ಎಂದು ಅವರು ಬಾಗಿಲೇ ಇಲ್ಲದ ಹಳೇ ಮಿಲಿಟರಿ ಜೀಪು ತೋರಿಸಿದರು. ಮನಸ್ಸಿಲ್ಲದೆ ಹತ್ತಿದೆ.

ಗುಡ್ಡದ ಬುಡದಲ್ಲಿ ನಾಲ್ಕೂ ಚಕ್ರ ಎಳೆಯುವ ಗೇರು ಹಾಕಿದರು. ಜೀಪು ಒಂದೊಂದೇ ಕಲ್ಲನ್ನು ತಡವಿ ನೋಡಿದಂತೆ ಮೆಲ್ಲಗೆ ಹತ್ತಿತು. ಆ ತಿರುವಿನಲ್ಲಿ ಕೆಳಗೆ ಬರೀ ಪ್ರಪಾತ. ಜೀಪು ಇನ್ನೊಂದು ಗೇಣು ಉದ್ದವಿದ್ದಿದ್ದರೆ ನಾವು ಉಳಿಯುತ್ತಿರಲಿಲ್ಲ. ಸ್ಟೇರಿಂಗ್ ಮೇಲಿದ್ದ ಅವರ ಕೈಗಳನ್ನೇ ಬೆರಗಾಗಿ ನೋಡುತ್ತಿದ್ದೆ.

ಹೆರಿಗೆ ಮುಗಿಸಿ ಇಬ್ಬರನ್ನೂ ಆಸ್ಪತ್ರೆಗೆ ಕರೆತರುವಾಗ ದಾರಿಯುದ್ದಕ್ಕೂ ತಾಯಿ, ಮಗು ನಿದ್ದೆ ಮಾಡಿದರು. ನನ್ನ ಸೊಂಟ ಮಾತ್ರ ಆ ಜೀಪನ್ನು ಇನ್ನೂ ಕ್ಷಮಿಸಿಲ್ಲ.