ಎರವಲು ಮೂಗು

ಪ್ಲೋ ಎಂಬ ಹಳ್ಳಿ ಪಬ್ಬಿನ ಬಾಗಿಲು ತೆರೆಯುವ ಮುನ್ನ ಗ್ಲೆನಿಸ್ ಪಾರ್ಡೋ ಮಾಡುತ್ತಿದ್ದ ಕೆಲಸಗಳಿಗೆ ಒಂದು ಕ್ರಮವಿತ್ತು. ಮೊದಲು ಒಲೆಯ ಬೂದಿ ತೆಗೆಯುವುದು. ಆಮೇಲೆ ನೆಲಮಾಳಿಗೆಗೆ ಇಳಿದು ಪೀಪಾಯಿಗಳ ತಂಪನ್ನು ಅಂಗೈಯಿಂದ ಮುಟ್ಟಿ ನೋಡುವುದು. ಕೊನೆಗೆ ಕೌಂಟರಿನ ಹಿಂದೆ ನಿಂತು ಕೈಪಂಪಿನ ಹಿಡಿಯೆಳೆದು, ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತಿದ್ದ ಬಿಯರನ್ನು ಚೆಲ್ಲಿ, ಹೊಸದನ್ನು ಲೋಟಕ್ಕೆ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಮೂಸಿ, ಒಂದು ಗುಟುಕು ಕುಡಿಯುವುದು. ಆ ವಸಂತದಲ್ಲಿಯೂ ಅವಳು ಇದರಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ. ಮೂಸಿದಾಗ ಮಾತ್ರ ಏನೂ ಆಗುತ್ತಿರಲಿಲ್ಲ.

ಗಂಡ ನೆವಿಲ್ ಜನವರಿಯಲ್ಲಿ ತೀರಿಕೊಂಡಿದ್ದ. ಅದರ ಬೆನ್ನಿಗೇ ಅವಳಿಗೆ ಕೆಟ್ಟದೊಂದು ನೆಗಡಿ ಬಂದು ಹೋಯಿತು. ಹೋಗುವಾಗ ವಾಸನೆಯನ್ನು ಜೊತೆಗೇ ಒಯ್ದಿತು. ಮೂಗಿನೊಳಗೆ ಮೇಲ್ಗಡೆ ಅಂಚೆಚೀಟಿಯಷ್ಟು ಅಗಲದ ಪೊರೆಯೊಂದಿದೆ, ಅದಕ್ಕೆ ಪೆಟ್ಟು ಬಿದ್ದಿರಬೇಕು, ಸರಿಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಅವಳ ತಂಗಿ ಇದನ್ನು ಫೋನಿನಲ್ಲಿ ಕೇಳಿ, ದುಃಖವೇ ಹಾಗೆ ಮಾಡುತ್ತದೆ ಎಂದಳು. ದುಃಖ ಆ ಪೊರೆಯನ್ನು ತಲುಪುವ ದಾರಿ ಯಾವುದೆಂದು ಯಾರೂ ತೋರಿಸಿಲ್ಲ. ನೆಗಡಿಯ ದಾರಿ ಎಲ್ಲರಿಗೂ ಗೊತ್ತಿರುವಂಥದು. ಆದರೆ ಗ್ಲೆನಿಸಳಿಗೆ ಎರಡು ವಿವರಣೆಗಳಲ್ಲಿ ಒಂದನ್ನು ಆರಿಸಿಕೊಳ್ಳುವಷ್ಟು ಆಸ್ಥೆಯೂ ಉಳಿದಿರಲಿಲ್ಲ. ನೆವಿಲನ ಕೋಟುಗಳನ್ನು ಒಂದೇ ಮಧ್ಯಾಹ್ನ ಮಡಿಸಿ ಚರ್ಚಿನ ದಾನಕ್ಕೆ ಕೊಟ್ಟುಬಿಟ್ಟಳು. ಗಟ್ಟಿಗಿತ್ತಿ ಎಂದರು ಜನ. ಅವನ ವಾಸನೆ ಸಿಗದ ಆ ಕೋಟುಗಳು ಅವಳ ಪಾಲಿಗೆ ಬರಿಯ ಬಟ್ಟೆಯಾಗಿದ್ದವು, ಅಷ್ಟೆ.

ಊರಿನಲ್ಲಿ ಅವಳು ಈ ಸಂಗತಿಯನ್ನು ಬಾಯಿಬಿಡಲಿಲ್ಲ. ನಾಲಗೆ ಇನ್ನೂ ಹುಳಿ, ಕಹಿಗಳನ್ನು ಹೇಳುತ್ತಿತ್ತು. ಬಿಯರು ಹುಳಿತರೆ ತಿಳಿಯುತ್ತದೆ, ಕದಡಿದರೆ ಕಣ್ಣಿಗೆ ಕಾಣುತ್ತದೆ, ಅಷ್ಟು ಸಾಕು ಎಂದು ಲೆಕ್ಕ ಹಾಕಿದಳು. ಆ ಲೆಕ್ಕ ಸರಿಯಿರಲೇಬೇಕಾಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಅವಳನ್ನು ಎಬ್ಬಿಸುತ್ತಿದ್ದುದು ಪಬ್ಬು ಒಂದೇ. ಅದು ಹೋದರೆ ಏಳಲು ಬೇರೆ ಕಾರಣವಿಲ್ಲವೆಂಬುದನ್ನು ಅವಳು ಗಾಬರಿಯಿಲ್ಲದೆ, ಹವಾಮಾನದ ವರದಿಯನ್ನು ತಿಳಿದಂತೆ ತಿಳಿದಿದ್ದಳು.

ಪ್ಲೋಗೆ ಜನ ಬರುತ್ತಿದ್ದುದು ಬಿಯರಿಗಾಗಿ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬಿಯರು ಮನೆಯಲ್ಲಿಯೂ ಸಿಗುತ್ತದೆ. ಅಲ್ಲಿ ಸಿಗದೆ ಇಲ್ಲಿ ಮಾತ್ರ ಸಿಗುತ್ತಿದ್ದುದು ಇನ್ನೊಬ್ಬರ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು, ಮಳೆ, ಕುರಿ, ನಾಯಿಗಳ ವಿಚಾರ ಮಾತಾಡಿ, ಮುಖ್ಯವಾದ ಒಂದನ್ನೂ ಕೇಳದೆ, ಕೇಳಿಸಿಕೊಳ್ಳದೆ ಎದ್ದುಹೋಗುವ ಸೌಕರ್ಯ. ತಲೆ ತಾಗುವ ತೊಲೆಗಳೂ ಒಲೆಯ ಬೆಂಕಿಯೂ ಅದಕ್ಕೊಂದು ನೆಪ. ನೆವಿಲನನ್ನು ಮಣ್ಣು ಮಾಡಿದ ಮಾರನೆಯ ದಿನ ಕುದುರೆಗಳಿಗೆ ಲಾಳ ಕಟ್ಟುವ ಮ್ಯಾಲ್ಕಮ್ ಬಂದು, “ಗಾಳಿ ತಿರುಗಿದೆ” ಎಂದು ಮಾತ್ರ ಹೇಳಿ ಮುಚ್ಚುವವರೆಗೂ ಕೂತಿದ್ದ. ಆ ಕಣಿವೆಯಲ್ಲಿ ಸಂತಾಪ ಎಂದರೆ ಅದೇ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಒದ್ದೆ ಬೂಟಿನ ಹೆಂಗಸೊಬ್ಬಳು ಬೆಟ್ಟ ಇಳಿದು ಬಂದು ಒಂದು ಪಿಂಟ್, ದೊಡ್ಡ ಲೋಟದ ತುಂಬ, ಕಂದು ಬಿಯರು ಕೇಳಿದಳು. ಒಂದು ಗುಟುಕು ಕುಡಿದವಳು ಲೋಟವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ತಪ್ಪು ತಿಳ್ಕೋಬೇಡಿ. ಇದು ಕೆಟ್ಟಿದೆ.”

ಕೌಂಟರಿನ ತುದಿಯಲ್ಲಿದ್ದ ಮ್ಯಾಲ್ಕಮ್ ತಿರುಗಿದ. “ಎಲ್ಲಿಂದ ಬಂದ್ರಿ ತಾಯಿ, ಲಂಡನ್ನಿಂದ ನಡ್ಕೊಂಡೇ ಬಂದ್ರಾ?”

“ಶೆಫೀಲ್ಡಿಂದ. ಬಸ್ಸಲ್ಲಿ.”

“ಹಾಗಾದ್ರೆ ದಾರೀಲಿ ಶೀತ ಆಗಿದೆ. ಮೂಗು ಒರೆಸ್ಕೊಳ್ಳಿ, ಬಿಯರು ಸರಿಹೋಗುತ್ತೆ.”

ಅವನ ಪಕ್ಕದಲ್ಲಿದ್ದ ಸೆಡ್ರಿಕ್, ಎಂಬತ್ತು ದಾಟಿದ ನಿವೃತ್ತ ಅಂಚೆಯವನು, ಕಿಸಕ್ಕನೆ ನಕ್ಕ. ಗ್ಲೆನಿಸ್ ಕ್ಷಮೆ ಕೇಳಿ ಅದೇ ಪಂಪಿನಿಂದ ಇನ್ನೊಂದು ಲೋಟ ತುಂಬಿಸಿ ಕೊಟ್ಟಳು. ಹೆಂಗಸು ಅದನ್ನು ಮೂಸಿ ನೋಡಿ ಅಲ್ಲಿಯೇ ಬಿಟ್ಟಳು. “ಗಾಯದ ಪಟ್ಟಿ ಬಿಚ್ಚಿದ ಹಾಗೆ ವಾಸನೆ” ಎಂದು ಹೇಳಿ, ಕೋಪವಿಲ್ಲದೆಯೇ ಹೊರಟುಹೋದಳು.

ಬಾಗಿಲು ಮುಚ್ಚಿತು. ಸೆಡ್ರಿಕನ ಲೋಟ ಗ್ಲೆನಿಸಳ ಕಣ್ಣಿಗೆ ಬಿತ್ತು. ಅವನು ಬಂದು ಒಂದು ಗಂಟೆಯಾಗಿದ್ದರೂ ಮುಕ್ಕಾಲು ಹಾಗೆಯೇ ಇತ್ತು. ಮೂರು ಪಿಂಟ್ ಕುಡಿಯುತ್ತಿದ್ದವನು ಈಚೆಗೆ ಒಂದಕ್ಕೆ ನಿಲ್ಲುತ್ತಿದ್ದ, ವಯಸ್ಸಾಯಿತು ಎಂದುಕೊಂಡಿದ್ದಳು. ಮ್ಯಾಲ್ಕಮ್ ಬಿಯರು ಬಿಟ್ಟು ಸೇಬಿನ ಸೈಡರಿಗೆ ತಿರುಗಿದ್ದ. ಹೊಟ್ಟೆ ಸರಿಯಿಲ್ಲ ಎಂದಿದ್ದ.

“ಸೆಡ್ರಿಕ್, ಬಿಯರು ಹೇಗಿದೆ?”

“ಚೆನ್ನಾಗಿದೆ ಕಣಮ್ಮ. ಯಾವತ್ತಿನ ಹಾಗೇ.”

“ಯಾವತ್ತಿನಿಂದ ಹೀಗಿದೆ?”

ಸೆಡ್ರಿಕ್ ಮ್ಯಾಲ್ಕಮನ ಕಡೆ ನೋಡಿದ. ಮ್ಯಾಲ್ಕಮ್ ಬೆಂಕಿಯ ಕಡೆ ನೋಡಿದ.

“ಈಸ್ಟರ್ ಆದ್ಮೇಲಿಂದ” ಎಂದ ಸೆಡ್ರಿಕ್.

“ಬಾಯ್ಮುಚ್ಚೋ ಮುದುಕಾ” ಎಂದ ಮ್ಯಾಲ್ಕಮ್. “ಯಾರೂ ಹೇಳಬಾರದು ಅಂತ ಮಾತಾಗಿತ್ತಲ್ಲ.”

ಗ್ಲೆನಿಸ್ ಕಾದಳು. ಇಂಥ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಾದರೂ ಏಳಬೇಕು, ನಾಚಿಕೆಯೋ, ಇಷ್ಟು ಜನ ತನಗಾಗಿ ಔಷಧಿಯಂಥದನ್ನು ನುಂಗಿದರಲ್ಲ ಎಂಬ ಕರಗುವಿಕೆಯೋ. ಯಾವುದೂ ಏಳಲಿಲ್ಲ. ಕೈ ಮಾತ್ರ ಒಣಗಿದ್ದ ಲೋಟವನ್ನೇ ಮತ್ತೆ ಒರೆಸುತ್ತಿತ್ತು.

“ನಂಗೆ ವಾಸನೆ ಗೊತ್ತಾಗಲ್ಲ” ಎಂದಳು. “ಫೆಬ್ರುವರಿಯಿಂದ.”

“ಅಷ್ಟೇನಾ!” ಸೆಡ್ರಿಕನ ಮುಖ ಅರಳಿತು. “ನಾನಿದೀನಲ್ಲ. ದಿನಾ ಬೆಳಿಗ್ಗೆ ಬಂದು ಮೂಸಿ ಹೇಳ್ತೀನಿ. ಪುಗಸಟ್ಟೆ.”

ಅವಳು ಲೋಟವನ್ನು ಕೌಂಟರಿನ ಮರೆಗೆ ಇಳಿಸಿ, ಕೆಟ್ಟ ಪಂಪಿನಿಂದಲೇ ಅರ್ಧ ತುಂಬಿಸಿ ಅವನ ಮುಂದಿಟ್ಟಳು. “ಇದು ಹೊಸ ಪೀಪಾಯಿ. ಹೇಳು.”

ಸೆಡ್ರಿಕ್ ಕಣ್ಣುಮುಚ್ಚಿ ಮೂಸಿದ, ಕುಡಿದ, ತುಟಿ ಚಪ್ಪರಿಸಿದ. “ಆಹಾ! ಇದು ನೋಡು ಬಿಯರು ಅಂದ್ರೆ.”

“ಅದೇ ಪಂಪು, ಅದೇ ಪೀಪಾಯಿ, ಸೆಡ್ರಿಕ್.”

ಅವನು ಲೋಟವನ್ನು ಕೆಳಗಿಟ್ಟ. “ನಂಗೊತ್ತಿತ್ತು.”

“ಮತ್ತೆ ಯಾಕೆ ಹಾಗಂದೆ?”

“ನೀನು ನೋಡ್ತಾ ಇದ್ದೆಯಲ್ಲ ನನ್ನ ಮುಖಾನ.”

ಆ ರೀತಿಯ ಪರೀಕ್ಷೆಯನ್ನು ಊರಿನ ಯಾರ ಮೇಲೆ ನಡೆಸಿದರೂ ಉತ್ತರ ಅದೇ ಬರುತ್ತಿತ್ತು. ಅಳತೆಗೋಲು ಒಳ್ಳೆಯತನದಿಂದ ಬಾಗಿದ್ದರೆ ಅದರಿಂದ ಏನನ್ನೂ ಅಳೆಯಲಾಗದು. ಪ್ಲೋವನ್ನು ಪ್ಲೋ ಮಾಡಿದ್ದ ಗುಣವೇ ಅದನ್ನು ಒಂದೊಂದು ಗುಟುಕಾಗಿ ಮುಗಿಸುತ್ತಿತ್ತು. ಇನ್ನೊಂದು ಬೇಸಿಗೆ ಹೀಗೆಯೇ ಕಳೆದರೆ, ಹೊರಗಿನವರು ಬರುವುದಿಲ್ಲ. ಊರಿನವರು ಒಂದು ಮಾತೂ ಆಡದೆ ಒಬ್ಬೊಬ್ಬರಾಗಿ ಬರುವುದನ್ನು ಬಿಡುತ್ತ ಹೋಗುತ್ತಾರೆ. ಯಾಕೆಂದು ಕೊನೆಯವರೆಗೂ ಅವಳಿಗೆ ಯಾರೂ ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಸೇತುವೆ ದಾಟಿ ಯೂವರ್ಟ್ ಟಿಪ್ಟನ್‌ನ ಮನೆಗೆ ಹೋದಳು. ಯೂವರ್ಟ್ ಮೂವತ್ತು ವರ್ಷ ಕಾರು ಓಡಿಸುವ ಪರೀಕ್ಷೆಯ ಅಧಿಕಾರಿಯಾಗಿದ್ದವನು. ಅವನ ಕೈಯಲ್ಲಿ ನಪಾಸಾದವರಿಲ್ಲದ ಮನೆ ಆ ಕಣಿವೆಯಲ್ಲಿರಲಿಲ್ಲ. ಹಿಂದೊಮ್ಮೆ ಸುಗ್ಗಿಯ ಊಟದ ದಿನ, ತುಂಬಿದ ಪಬ್ಬಿನಲ್ಲಿ, ಬಿಯರು ಬಳಸಿದ ಬಿಸಿನೀರಿನ ಹಾಗಿದೆ ಎಂದು ಗಟ್ಟಿಯಾಗಿ ಹೇಳಿದ್ದ. ನಾನು ಬದುಕಿರುವವರೆಗೆ ಈ ಹೊಸ್ತಿಲು ತುಳಿಯಬೇಡ ಎಂದು ನೆವಿಲ್ ಅವನನ್ನು ಹೊರಗೆ ಹಾಕಿದ್ದ. ಅಂದಿನಿಂದ ಯೂವರ್ಟ್ ಬಂದಿರಲಿಲ್ಲ.

ಅವನು ಬಾಗಿಲನ್ನು ಅರ್ಧವೇ ತೆರೆದ. ಅವಳು ನಿಂತಲ್ಲೇ ವಿಷಯ ಹೇಳಿದಳು.

“ಅವನು ಬದುಕಿರೋವರೆಗೂ ಅಂದಿದ್ದ” ಎಂದ ಯೂವರ್ಟ್. “ಲೆಕ್ಕದ ಪ್ರಕಾರ ಜನವರಿಗೇ ಮುಗೀತು. ಆದ್ರೆ ಸತ್ತವನ ಹಿಂದೆಯೇ ಲೋಟ ಹಿಡ್ಕೊಂಡು ಬರೋಷ್ಟು ಬಾಯಾರಿಕೆ ನಂಗಿರಲಿಲ್ಲ.”

“ಈಗ ನಾನೇ ಕರೀತಿದೀನಿ.”

“ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆಮೇಲೆ ಅಳಬಾರದು.”

“ಅಳೋದಕ್ಕೂ ಏನೋ ಬೇಕಾಗುತ್ತೆ, ಯೂವರ್ಟ್. ಅದು ನನ್ ಹತ್ರ ಇಲ್ಲ.”

ಅವನು ಅವಳ ಮುಖವನ್ನು ಒಂದು ಕ್ಷಣ, ತಿರುವಿನಲ್ಲಿ ಕನ್ನಡಿ ನೋಡದ ಅಭ್ಯರ್ಥಿಯನ್ನು ನೋಡುವಂತೆ ನೋಡಿ, ಒಳಗೆ ಹೋಗಿ ಟೋಪಿ ತಂದ.

ಪ್ಲೋದಲ್ಲಿ ಅವನು ಕೌಂಟರಿನ ಮುಂದೆ ಕೂರದೆ ನಿಂತೇ ಇದ್ದ. ಕಂದು ಬಿಯರನ್ನು ಮೂಸಿದ, ಕುಡಿಯಲಿಲ್ಲ. “ಆಸ್ಪತ್ರೆ” ಎಂದ. “ಕೊಳವೆಯೊಳಗೆ ಏನೋ ಮನೆ ಮಾಡಿದೆ. ತೊಳೆದ್ರೆ ಹೋಗಲ್ಲ, ಬದಲಾಯಿಸು.” ಎರಡನೆಯ ಪಂಪಿನ ಕಪ್ಪು ಬಿಯರನ್ನು ಕುಡಿದು ಲೋಟ ಕೆಳಗಿಟ್ಟ. “ಇದು ಪರವಾಗಿಲ್ಲ. ತುಸು ಬೆಚ್ಚಗಿದೆ.”

“ಆವತ್ತು, ಸುಗ್ಗಿ ಊಟದ ದಿನ. ನಿಜವಾಗ್ಲೂ ಕೆಟ್ಟಿತ್ತಾ?”

“ಕೆಟ್ಟಿತ್ತು. ನೆವಿಲನಿಗೂ ಗೊತ್ತಿತ್ತು.”

ನೆವಿಲನ ಬಗ್ಗೆ ಅವನು ಸತ್ತ ಮೇಲೆ ಅವಳಿಗೆ ಗೊತ್ತಾದ ಹೊಸ ಸಂಗತಿ ಇದೊಂದೇ. ಅವಳು ಅದನ್ನು ಕೇಳಿಸಿಕೊಂಡಳು. ಎಲ್ಲಿಡಬೇಕೆಂದು ತೋಚಲಿಲ್ಲ. ಕಂದು ಬಿಯರಿನ ಪಂಪಿಗೆ ಸಿಕ್ಕಿಸಿದ್ದ ಹೆಸರಿನ ಹಲಗೆಯನ್ನು ಹಿಂದುಮುಂದಾಗಿ ತಿರುಗಿಸಿದಳು. ಸಿಗುವುದಿಲ್ಲ ಎನ್ನಲು ಅಷ್ಟು ಸಾಕು.

ಮಧ್ಯಾಹ್ನ ಸೆಡ್ರಿಕ್ ಬಂದ. ಕಿಟಕಿಯ ಬಳಿ ಯೂವರ್ಟ್ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತ. “ಏನಪ್ಪಾ ಇದು, ಇಲ್ಲೂ ಪರೀಕ್ಷೆ ಶುರುವಾಯ್ತಾ?”

“ನೀನಾಗಲೇ ನಪಾಸು” ಎಂದ ಯೂವರ್ಟ್, ಪತ್ರಿಕೆಯಿಂದ ತಲೆಯೆತ್ತದೆ.

“ಅದು ನಂಗೆ ಅಭ್ಯಾಸ. ನಾಲ್ಕು ಸಲ ಮಾಡಿದ್ಯಲ್ಲ, ಪಾಪಿ.”

“ಐದು.”

ಸೆಡ್ರಿಕನಿಗೆ ಆಗ ತಿರುಗಿಸಿದ ಹಲಗೆ ಕಂಡಿತು. ಅವನ ಭುಜಗಳು ಇಳಿದವು. ವಾರಗಟ್ಟಲೆ ಹೊತ್ತದ್ದನ್ನು ಯಾರೋ ಕೇಳದೆಯೇ ಇಳಿಸಿಕೊಂಡ ಹಾಗೆ. ಗ್ಲೆನಿಸ್ ಅವನಿಗೆ ಕಪ್ಪು ಬಿಯರು ಎಳೆದುಕೊಟ್ಟಳು. ಅವನು ಒಂದೇ ಉಸಿರಿಗೆ ಅರ್ಧ ಕುಡಿದ.

“ಚೆನ್ನಾಗಿದೆ ಕಣಮ್ಮ” ಎಂದ.

ಅವಳು ಅವನ ಮಾತು ಕೇಳಿ, ಕಿಟಕಿಯ ಕಡೆ ನೋಡಿದಳು.

“ಇದೊಂದು ಸಲ ನಿಜ ಹೇಳಿದಾನೆ” ಎಂದ ಯೂವರ್ಟ್.

ಗ್ಲೆನಿಸ್ ತಲೆಯಾಡಿಸಿ, ಕೊಳವೆ ಬಿಚ್ಚಲು ನೆಲಮಾಳಿಗೆಗೆ ಇಳಿದಳು.