ಹಲೋ ಹಲೋ ಸಾಕು ಎಂದಿದ್ದೆ

"ಅಂಕಲ್, ಮೈಕ್ ಟೆಸ್ಟಿಗೆ ಹಲೋ ಹಲೋ ಅಂದ್ರೆ ಸಾಕು, ಹಾಡೋದೆಲ್ಲ ಬೇಡ" ಎಂದೆ. ಮಲೇಷ್ಯಾದ ಕ್ವಾಲಾಲಂಪುರದ (ಇಲ್ಲಿನವರ ಬಾಯಲ್ಲಿ ಕೆಎಲ್) ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಸಭಾಂಗಣದಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮೈಕ್ ಜೋಡಿಸುತ್ತಿದ್ದ ತಮಿಳು ಹಿರಿಯರು ನಕ್ಕರು. ಕಣ್ಣು ಮುಚ್ಚಿ, 'ಸೋಲ್', ಅಂದರೆ ಆತ್ಮ ಎಂದೇ ಹೆಸರಿರುವ ಸಂಗೀತಶೈಲಿಯ ಯಾವುದೋ ಹಳೆಯ ಇಂಗ್ಲಿಷ್ ಹಾಡಿನ ಒಂದು ಸಾಲನ್ನು ಎದೆಯಾಳದಿಂದ ಎಳೆದೇಬಿಟ್ಟರು. ಕುರ್ಚಿ ಹಾಕುತ್ತಿದ್ದವರೆಲ್ಲ ನಿಂತಲ್ಲೇ ನಿಂತರು.

ಬಿಸಿಬೇಳೆಬಾತಿನ ಪಾತ್ರೆ ಇಳಿಸುತ್ತಿದ್ದ ಅಡುಗೆಯವರು ನನ್ನ ಕಿವಿಯಲ್ಲಿ, "ಕೆಎಲ್ ಹೋಟೆಲ್‌ಗಳಲ್ಲಿ ಮೊದಲು ಸೋಲ್ ಹಾಡಿದ್ದೇ ಇವ್ರು ಮೇಡಂ. ಒಂದು ಕಾಲದಲ್ಲಿ ಇವ್ರನ್ನ ಕೇಳೋಕೆ ಜನ ಕ್ಯೂ ನಿಲ್ತಿದ್ರಂತೆ" ಎಂದರು. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಅಷ್ಟರಲ್ಲಿ, ನಾಡಗೀತೆ ಹಾಡಬೇಕಿದ್ದ ನನ್ನ ಮಗಳು ಮುಖ ಸಣ್ಣದು ಮಾಡಿಕೊಂಡು ಬಂದಳು. "ಅಮ್ಮಾ, ಐ ಕಾಂಟ್ ಲಾ! ಮೈ ವಾಯ್ಸ್ ಈಸ್ ಶೇಕಿಂಗ್" ಎಂದಳು, ಇಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸಿ.

ಹಿರಿಯರು ಮೈಕನ್ನು ಅವಳ ಎತ್ತರಕ್ಕೆ ಇಳಿಸುತ್ತ, ತಮ್ಮ ತಮಿಳು ಬೆರೆತ ಇಂಗ್ಲಿಷಿನಲ್ಲಿ ಹೇಳಿದರು: "ನಡುಗಲಿ ಲಾ. ನಾನು ಐವತ್ತು ವರ್ಷ ನಡುಗಿಕೊಂಡೇ ಹಾಡಿದ್ದು. ಜನ ಅದನ್ನೇ ಸೋಲ್ ಅಂದ್ರು."

ಮಗಳು ನಡುಗುತ್ತಲೇ ಕೊನೆಯ ಸಾಲಿನವರೆಗೂ ಹಾಡಿದಳು.

ಅಂದಿನಿಂದ ನಮ್ಮ ಸಂಘದಲ್ಲಿ ಮೈಕ್ ಪರೀಕ್ಷೆಗೆ ಯಾರೂ ಹಲೋ ಹಲೋ ಅನ್ನುವುದಿಲ್ಲ, ಒಂದು ಸಾಲು ಹಾಡುತ್ತಾರೆ. ಮೊನ್ನೆ ನಾನೂ ಹಾಡಿದೆ. ಶುದ್ಧ ಅಪಸ್ವರ. ಮೈಕ್ ಹಿಂದೆ ನಿಂತಿದ್ದ ಆ ಹಿರಿಯರು ಮಾತ್ರ, ಸಾಕು ಅನ್ನಲಿಲ್ಲ.