ಊರು ಸುತ್ತಿದ ಬೋರ್ಸೋಕ್

ಪೋಂ, ಪೋಂ, ಪೋಂ. ಆಮೇಲೆ ಉಸಿರು ಕಟ್ಟುವಷ್ಟು ಉದ್ದನೆಯ ಇನ್ನೊಂದು ಪೋಂ.

ಗುರುವಾರ ಬೆಳಿಗ್ಗೆ ಹಿಟ್ಟಿನ ಲಾರಿ ನರಿನ್ ನದಿಯ ಕಡೆಯಿಂದ ನಮ್ಮ ಬೀದಿಯ ಏರು ಹತ್ತುವಾಗ ಮಾಡುವ ಸದ್ದು ಇದು. ಇದಕ್ಕೆ ತೆರೆಯದ ಬಾಗಿಲು ಬೀದಿಯಲ್ಲಿಲ್ಲ. ತೆರೆದ ಬಾಗಿಲುಗಳಲ್ಲಿ ಹೆಚ್ಚಿನವು ಲಾರಿ ಮುಂದೆ ಹೋದ ಮೇಲೆ ಮೆಲ್ಲನೆ ಮುಚ್ಚಿಕೊಳ್ಳುತ್ತವೆ. ಚಾಲಕ ಐವತ್ತು ಕಿಲೋದ ಇಡೀ ಚೀಲವನ್ನಷ್ಟೇ ಮಾರುತ್ತಾನೆ. ಬಜಾರಿಗಿಂತ ಅಗ್ಗ, ನಿಜ. ಆದರೆ ಅರ್ಧ ಚೀಲ ಕೊಡಪ್ಪ ಎಂದರೆ, "ನಾನೇನು ಅರ್ಧ ಲಾರೀಲಿ ಬಂದಿದೀನಾ?" ಎಂದು ನಗುತ್ತಾನೆ. ಮೇಲಿನ ಬೀದಿಗಳನ್ನು ಮುಗಿಸಿಕೊಂಡು ಮಧ್ಯಾಹ್ನ ಮತ್ತೆ ಇದೇ ದಾರಿಯಲ್ಲಿ ಇಳಿಯುತ್ತಾನೆ. ಆಗ ಇನ್ನೊಮ್ಮೆ ಬಾಗಿಲುಗಳು ತೆರೆಯುತ್ತವೆ, ಮುಚ್ಚುತ್ತವೆ.

ಆ ಗುರುವಾರ ನಾವೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಬುರುಲ್ ಎಜೆಯ ಬಾಗಿಲು ತೆರೆಯಲಿಲ್ಲ. ಅವಳ ಎರಡು ಕೈಯೂ ಮೊಣಕೈವರೆಗೆ ಹಿಟ್ಟಿನಲ್ಲಿದ್ದವು.

"ಹಾರನ್ ಹೊಡ್ಕೊಳ್ಲಿ ಬಿಡು," ಎಂದಳು, ನೆರವಿಗೆ ಬಂದಿದ್ದ ನೆರೆಮನೆಯ ನನಗೆ. "ಇವತ್ತು ನಂಗೆ ಲಾರಿ ಕಾಣ್ಸಲ್ಲ. ಇವತ್ತು ನಂಗೆ ಎರಡು ಕಿವಿ ಮಾತ್ರ ಕಾಣ್ಸೋದು."

ಆ ಕಿವಿಗಳು ಅವಳ ಮಗಳು ಮೀರಿಮಳವು. ಮಧ್ಯಾಹ್ನ ಹುಡುಗನ ಮನೆಯ ಹೆಂಗಸರು ಬಂದು ಅವಕ್ಕೆ ಓಲೆ ಹಾಕಬೇಕು. ಓಲೆ ಬಿತ್ತೆಂದರೆ ಮಾತು ಗಟ್ಟಿ. ಮೀರಿಮ್ ಹೊಲಿಗೆ ಅಂಗಡಿಯಿಂದ ರಜೆ ಹಾಕಿ, ಬೆಳಿಗ್ಗೆಯಿಂದ ಮೂರು ಸಲ ಕಿವಿ ತೊಳೆದುಕೊಂಡಿದ್ದಳು. ಹುಡುಗನ ಹೆಸರು ಕುಬಾನ್, ನದಿಯಾಚೆಯವನು, ಅವಳೇ ಮೆಚ್ಚಿದವನು. ಅವನ ತಾಯಿ ಅನಿಪಾಳನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ. ಬಹಳ ಕಟ್ಟುನಿಟ್ಟಿನ ಹೆಂಗಸು ಎಂದು ಕೇಳಿದ್ದೆವು.

ಬಂದವರ ಮುಂದೆ ಹಾಸುವ ಬಟ್ಟೆಯ ತುಂಬ ಬೋರ್ಸೋಕ್ ಸುರಿಯಬೇಕು. ಎಣ್ಣೆಯಲ್ಲಿ ಉಬ್ಬಿ ಹೊಂಬಣ್ಣಕ್ಕೆ ತಿರುಗಿದ ಆ ಹಿಟ್ಟಿನ ತುಂಡುಗಳ ನಡುವೆ ಎಲ್ಲೂ ಬಟ್ಟೆ ಕಾಣಬಾರದು. ಕಳೆದ ಹಿಮಗಾಲದಲ್ಲಿ ಮೇಲಿನ ಬೀದಿಯ ಒಂದು ಸಂಬಂಧ ಓಲೆಯವರೆಗೂ ಬಂದು ತಣ್ಣಗಾಯಿತು. ನಿಜವಾದ ಕಾರಣ ಏನಿತ್ತೋ, ಜನರ ಬಾಯಲ್ಲಿ ಉಳಿದದ್ದು ಎರಡೇ ಪದ: "ಬಟ್ಟೆ ಕಾಣ್ತಂತೆ." ಎಣ್ಣೆಯ ಬೆಲೆ ತಿಂಗಳಿಗೊಮ್ಮೆ ಏರುವ ಈ ಕಾಲದಲ್ಲಿ ಆ ಎರಡು ಪದಕ್ಕೆ ಹೆದರದ ತಾಯಿ ನಮ್ಮ ಊರಿನಲ್ಲಿಲ್ಲ.

ಬುರುಲ್ ಎಜೆ ಸುಲಭಕ್ಕೆ ಹೆದರುವವಳಲ್ಲ. ಇಪ್ಪತ್ತಾರು ವರ್ಷದಿಂದ ಶಿಶುವಿಹಾರದ ಅಡುಗೆಮನೆಯಲ್ಲಿ ತೊಂಬತ್ತು ಮಕ್ಕಳಿಗೆ ಸಾರು ಮಾಡುತ್ತಿದ್ದಾಳೆ. ಉಪ್ಪನ್ನು ನಾಲಿಗೆಯಲ್ಲಿ ನೋಡುವುದಿಲ್ಲ, ಹಬೆಯಲ್ಲಿ ಮೂಸಿ ಹೇಳುತ್ತಾಳೆ. ಮಾಂಸದ ಪಾಲು ಕಡಿಮೆಯಾದ ವರ್ಷ ಅವಳು ಯಾರ ಹತ್ತಿರವೂ ಗೊಣಗಲಿಲ್ಲ. ಚಾಕು ಮಸೆದುಕೊಂಡು ಬಂದು ತುಂಡುಗಳನ್ನು ಇನ್ನಷ್ಟು ಸಣ್ಣಗೆ ಹೆಚ್ಚಿದಳು. ಪ್ರತಿ ಮಗುವಿನ ಬಟ್ಟಲಲ್ಲೂ ಒಂದಾದರೂ ಸಿಗಬೇಕು, ಮಗು ಅದನ್ನು ಹುಡುಕಿ ಗೆಲ್ಲಬೇಕು. ನಾನೂ ಆ ಬಟ್ಟಲಲ್ಲಿ ಹುಡುಕಿ ಗೆದ್ದವಳೇ.

ಗುರುವಾರದ ಬಾಣಲೆಯೂ ಅವಳದೇ ಯೋಚನೆ. ಗುರುವಾರ ನಾವು ಸತ್ತವರಿಗಾಗಿ ಎಣ್ಣೆ ಕಾಯಿಸಿ ವಾಸನೆ ಬಿಡುತ್ತೇವೆ. ಹೋದವರು ಆ ವಾಸನೆ ಹಿಡಿದು ಮನೆಗೆ ಬಂದು, ತೃಪ್ತರಾಗಿ ಹಿಂತಿರುಗುತ್ತಾರೆ. ಹಿಂದೆ ಮನೆಮನೆಯಲ್ಲೂ ಹೊಗೆ ಏಳುತ್ತಿತ್ತು. ಎಣ್ಣೆ ತುಟ್ಟಿಯಾದ ಮೇಲೆ ಹೊಗೆಗಳು ಒಂದೊಂದಾಗಿ ನಿಂತವು. ಆಗ ಬುರುಲ್ ಎಜೆ ತನ್ನ ಅಂಗಳದಲ್ಲಿ ದೊಡ್ಡ ಬಾಣಲೆ ಇಟ್ಟು, ಏಳು ಮನೆಯವರನ್ನು ಕರೆದಳು. ಮನೆಗೊಂದು ಲೋಟ ಎಣ್ಣೆ, ಮನೆಗೊಂದು ಮುಷ್ಟಿ ಹಿಟ್ಟು, ಎಲ್ಲರ ಸತ್ತವರಿಗೂ ಸೇರಿ ಒಂದೇ ವಾಸನೆ.

ಪಕ್ಕದ ಮನೆಯ ಶಾಕಿನ್ ಅಪಾ, ಬೀದಿಗೇ ಹಿರಿಯ ಮುದುಕಿ, ಹಾಗಾಗಿ ಎಲ್ಲರಿಗೂ 'ಅಪಾ', ಮೊದಲ ದಿನವೇ ಆಕ್ಷೇಪ ಎತ್ತಿದ್ದಳು.

"ನಮ್ಮ ಮುದುಕ ವಾಸನೆ ಹಿಡ್ಕೊಂಡು ಬಂದ್ರೆ ನಿನ್ನ ಅಂಗಳಕ್ಕೆ ಬರ್ತಾನಲ್ಲೇ!"

"ಬರ್ಲಿ ಬಿಡಿ ಅಪಾ, ತಿಂದು ನಿಮ್ಮನೆಗೆ ಹೋಗ್ತಾರೆ."

"ಎಲ್ಲಿ ಹೋಗ್ತಾನೆ! ಬದುಕಿದ್ದಾಗ್ಲೂ ಹಿಂಗೇ, ಕಂಡೋರ ಮನೇಲಿ ತಿಂದು ಅಲ್ಲೇ ಮಲ್ಕೋತಿದ್ದ."

ಹೀಗೆ ಎಣ್ಣೆ ಹಂಚಿಕೊಂಡವರು ಹಿಟ್ಟಿನ ಚೀಲವನ್ನೂ ಹಂಚಿಕೊಳ್ಳಬಹುದಲ್ಲ ಎಂದು ಕೇಳಬಹುದು. ಒಮ್ಮೆ ಹಂಚಿಕೊಂಡೆವು. ಶಾಕಿನ್ ಅಪಾ ತನ್ನ ಬಟ್ಟಲನ್ನು ಕುಕ್ಕಿ ಕುಕ್ಕಿ ಒತ್ತಿ ತುಂಬಿದಳು, ಉಳಿದವರು ಸಡಿಲವಾಗಿ ತುಂಬಿದರು. ಒಂದು ತಿಂಗಳು ಬೀದಿಯಲ್ಲಿ ಮಾತೇ ಇರಲಿಲ್ಲ. "ಎಣ್ಣೆ ಗಾಜಿನ ಲೋಟದಲ್ಲಿ ಕಾಣುತ್ತೆ, ಹಿಟ್ಟು ಕಳ್ಳ," ಎಂದು ಬುರುಲ್ ಎಜೆ ಅಂದೇ ತೀರ್ಮಾನಿಸಿದಳು.

ಆ ದಿನ ಬಾಣಲೆಯ ಸುತ್ತ ಹಬ್ಬದ ಗದ್ದಲ. ಗುಡ್ಡದ ನೆತ್ತಿಯಲ್ಲಿ ಹಿಮ ಇನ್ನೂ ಇತ್ತು, ಕೆಳಗೆ ಪಾಪ್ಲರ್ ಮರಗಳಿಗೆ ಆಗಲೇ ಅಂಟಂಟು ಚಿಗುರು. ಮೀರಿಮ್ ಲಟ್ಟಿಸಿದಳು, ನಾನು ಕತ್ತರಿಸಿದೆ, ಬುರುಲ್ ಎಜೆ ಕರಿದಳು. ಮೊದಲು ಸತ್ತವರಿಗಾಗಿ ಏಳು ಅಗಲ ರೊಟ್ಟಿ. ಶಾಕಿನ್ ಅಪಾ ಅಂಗೈ ಬಿಚ್ಚಿ ಏಳು ಮನೆಯ ಹೆಸರುಗಳನ್ನೂ ಒಂದೇ ಉಸಿರಿಗೆ ಹೇಳಿ, ಪ್ರಾರ್ಥನೆ ಮುಗಿಸಿದಳು. ನೆರೆಯವರು ತಮ್ಮ ರೊಟ್ಟಿ ಹಿಡಿದು, "ಓಲೆ ಸುಖವಾಗಿ ಬೀಳ್ಲಿ" ಎಂದು ಹರಸಿ ಹೋದರು. ಉಳಿದ ಎಣ್ಣೆಯೆಲ್ಲ ಬೀಗರ ಬೋರ್ಸೋಕಿಗೆ ಎಂದು ಆ ವಾರ ಬೀದಿಯೇ ಬಿಟ್ಟುಕೊಟ್ಟಿತ್ತು.

ಬೋರ್ಸೋಕ್ ಮಾತ್ರ ಎಣ್ಣೆ ಕುಡಿಯುವುದರಲ್ಲಿ ದಾಕ್ಷಿಣ್ಯ ತೋರಿಸುವುದಿಲ್ಲ. ಮೂರನೇ ಸಲ ಹಾಕುವಷ್ಟರಲ್ಲಿ ಬಾಣಲೆಯ ತಳ ಕಂಡಿತು. ಬುರುಲ್ ಎಜೆ ಡಬ್ಬಿಯನ್ನು ಬೋರಲು ಹಿಡಿದಳು. ಒಂದು ಹನಿ ಇಳಿಯಿತು. ಅವಳು ಕಾದಳು. ಇನ್ನೊಂದು ಇಳಿಯಲಿಲ್ಲ.

ಆದದ್ದಷ್ಟನ್ನು ಒಳಗೆ ಒಯ್ದು ಬಟ್ಟೆಯ ಮೇಲೆ ಸುರಿದೆವು. ಜಾಮಿನ ಬಟ್ಟಲನ್ನು ಆಚೆ ಸರಿಸಿದೆವು, ಒಣದ್ರಾಕ್ಷಿಯ ತಟ್ಟೆಯನ್ನು ಈಚೆ. ಏನು ಮಾಡಿದರೂ ಕಿಟಕಿಯ ಕಡೆಯ ಮೂಲೆಯಲ್ಲಿ ಒಂದು ಗೇಣು ಬಟ್ಟೆ. ಅದರ ಮೇಲೆ ಮುದ್ರಿಸಿದ ಕೆಂಪು ಹೂವು ನಮ್ಮನ್ನೇ ನೋಡುತ್ತಿತ್ತು.

"ಅಮ್ಮಾ, ನಾನೇ ಅಲ್ಲಿ ಕೂತ್ಕೊಂಡುಬಿಡ್ಲಾ?" ಎಂದಳು ಮೀರಿಮ್.

"ಊಟದ ಬಟ್ಟೆ ಮೇಲೆ ಮದುಮಗಳ್ನ ಕೂರಿಸ್ತಾರೇನೇ? ಸುಮ್ನಿರು, ನಂಗೆ ಯೋಚ್ನೆ ಮಾಡೋಕೆ ಬಿಡು."

ಶಾಕಿನ್ ಅಪಾ ಎದ್ದು ಹೋದಳು. ಬರುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಔತಣಕ್ಕೆ ಹೋದವರ ಕೈಗೆ ಹೊರಡುವಾಗ ಚೀಲದಲ್ಲಿ ಇಷ್ಟು ತಿಂಡಿ ಹಾಕಿ ಕಳಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದು. ಮಂಗಳವಾರ ಅವಳು ತಮ್ಮನ ಮೊಮ್ಮಗು ಮೊದಲ ಹೆಜ್ಜೆ ಇಟ್ಟ ಹಬ್ಬಕ್ಕೆ ಹೋಗಿದ್ದಳು, ಅಲ್ಲಿ ಸಿಕ್ಕ ಬೋರ್ಸೋಕ್ ಇದು.

"ಇದನ್ನ ಹಾಕು."

"ಬೇರೆ ಮನೇದನ್ನ ಬೀಗರ ಮುಂದೆ ಇಡೋದಾ ಅಪಾ?"

"ಬೋರ್ಸೋಕಿನ ಮೇಲೆ ಹೆಸರು ಬರೆದಿರ್ತಾರೇನೇ?"

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು. ಬುರುಲ್ ಎಜೆ ಒಂದು ಕ್ಷಣ ಕೆಂಪು ಹೂವನ್ನು ನೋಡಿದಳು, ಆಮೇಲೆ ಮಗಳ ಕಿವಿಗಳನ್ನು. ಚೀಲವನ್ನು ಮೂಲೆಗೆ ಸುರಿದೇಬಿಟ್ಟಳು.

ಅನಿಪಾ ಮೂವರು ಹೆಂಗಸರೊಡನೆ ಬಂದಳು. ಎತ್ತರದ ಆಳು, ಬಿಳಿ ರುಮಾಲು, ಕಡಿಮೆ ಮಾತು. ದೊಡ್ಡವಳೆಂದು ಅವಳನ್ನು ಕಿಟಕಿಯ ಕಡೆಯೇ ಕೂರಿಸಿದರು. ಸರಿಯಾಗಿ ಆ ಮೂಲೆಗೆ! ಶಾಕಿನ್ ಅಪಾ ನನ್ನ ತೋಳು ಚಿವುಟಿದಳು.

ಚಹಾ ಬಂತು. ಅನಿಪಾ ಕೈಚಾಚಿ ಒಂದು ಬೋರ್ಸೋಕ್ ತೆಗೆದುಕೊಂಡಳು. ಬಾಯಿಗೆ ಇಡಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿದಳು. ಇನ್ನೊಂದು ತೆಗೆದುಕೊಂಡಳು, ಅದನ್ನೂ ತಿರುಗಿಸಿದಳು. ಆಗ ನನಗೂ ಕಂಡಿತು: ನಮ್ಮವು ನುಣ್ಣಗಿದ್ದವು. ಈ ಮೂಲೆಯವುಗಳ ಬೆನ್ನ ಮೇಲೆ ಓರೆ ಗೆರೆಗಳು, ಗುಡ್ಡದ ಮೇಲೆ ಕುರಿಗಳು ನಡೆದು ಮೂಡಿದ ಹಾದಿಗಳ ಹಾಗೆ.

"ಈ ಗೆರೆ ನಮ್ಮಮ್ಮನ ತುರಿಮಣೇದು," ಎಂದಳು ಅನಿಪಾ ನಿಧಾನವಾಗಿ. "ಹಿಟ್ಟನ್ನ ಅದರ ಮೇಲೆ ಉರುಳಿಸಿ ಆಮೇಲೆ ಕರೀತೀನಿ. ಅದರಲ್ಲಿ ಎರಡು ಹಲ್ಲು ಮುರಿದಿದೆ. ನೋಡಿ, ಇಲ್ಲಿ ಗೆರೆ ಇಲ್ಲ. ಇದು ನಾನು ಕರಿದಿದ್ದು."

ಮೀರಿಮಳ ಕಿವಿಗಳು ಕೆಂಪಾದವು. ಓಲೆಯ ಪುಟ್ಟ ಪೆಟ್ಟಿಗೆ ಅನಿಪಾಳ ಮಡಿಲಲ್ಲಿ ಮುಚ್ಚಿಯೇ ಇತ್ತು.

ಶಾಕಿನ್ ಅಪಾ ಏನೋ ಕಥೆ ಕಟ್ಟಲು ಬಾಯಿ ತೆರೆದಳು. ಬುರುಲ್ ಎಜೆ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು.

"ನಿಮ್ಮದೇ ಇರ್ಬೇಕು ಬೀಗಿತ್ತಿ," ಎಂದಳು. "ನಮ್ಮನೇಲಿ ಎಣ್ಣೆ ಮುಗೀತು. ಈ ಮೂಲೇಲಿ ಬಟ್ಟೆ ಕಾಣ್ತಿತ್ತು. ಅಪಾಗೆ ಔತಣದಲ್ಲಿ ಕೊಟ್ಟಿದ್ದ ಚೀಲಾನ ತಂದು ಸುರಿದೆ. ತಪ್ಪು ನಂದು, ಹುಡುಗೀದಲ್ಲ."

ಅನಿಪಾ ಬೋರ್ಸೋಕನ್ನು ಬಟ್ಟೆಯ ಮೇಲೆ ಇಟ್ಟಳು.

"ಯಾವ ಔತಣ?"

"ಮಂಗಳವಾರ, ನಮ್ಮ ತಮ್ಮನ ಮಗನ ಮನೇಲಿ, ಮಗು ಹೆಜ್ಜೆ ಇಟ್ಟಿದ್ದಕ್ಕೆ," ಎಂದಳು ಶಾಕಿನ್ ಅಪಾ, ಮೊದಲ ಸಲ ಸಣ್ಣ ದನಿಯಲ್ಲಿ.

"ಅವನ ಹೆಂಡ್ತಿ ನಮ್ಮ ತಂಗಿ ಪಕ್ಕದ್ಮನೆಯವಳು, ಅಲ್ವಾ?" ಅನಿಪಾಳ ಹುಬ್ಬು ಏರಿತು. "ನಾನು ಶನಿವಾರ ತಂಗೀಗೆ ಕೊಟ್ಟೆ. ತಂಗಿ ಪಕ್ಕದ್ಮನೆಗೆ ಕೊಟ್ಟಿದಾಳೆ. ಅವಳು ಹಬ್ಬದ ಬಟ್ಟೆ ಮೇಲೆ ಹಾಕಿದಾಳೆ. ಅಲ್ಲಿಂದ ನಿಮ್ಮ ಚೀಲ, ನಿಮ್ಮ ಚೀಲದಿಂದ ಇಲ್ಲಿ..." ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ನಾವು ಹೆದರಿದೆವು. "ಅಯ್ಯೋ ದೇವ್ರೇ! ನಾನು ಹತ್ತು ವರ್ಷದಲ್ಲಿ ನೋಡದಷ್ಟು ಊರನ್ನ ಇದು ಐದು ದಿನದಲ್ಲಿ ನೋಡಿದೆ!"

ಆ ಎತ್ತರದ ಹೆಂಗಸು ಕಣ್ಣೊರೆಸಿಕೊಂಡು ನಕ್ಕಳು. ಅವಳ ಜೊತೆಯವರು ನಕ್ಕರು. ಶಾಕಿನ್ ಅಪಾ ಎಲ್ಲರಿಗಿಂತ ಜೋರಾಗಿ ನಕ್ಕಳು, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು. ಬುರುಲ್ ಎಜೆ ಮಾತ್ರ ನಗಲಿಲ್ಲ. ಅವಳ ಕಣ್ಣು ಇನ್ನೂ ಪೆಟ್ಟಿಗೆಯ ಮೇಲಿತ್ತು.

ಅನಿಪಾಗೆ ಅದು ಕಂಡಿರಬೇಕು. ತಾನು ತಂದಿದ್ದ ಉಡುಗೊರೆಯ ಚೀಲವನ್ನು ಹತ್ತಿರ ಎಳೆದು ಒಂದು ಹಿಡಿ ಚಾಕಲೇಟು ತೆಗೆದಳು.

"ನಿಮ್ಮ ತಪ್ಪು ಕೇಳಿದ್ದಾಯ್ತು, ಈಗ ನಂದು ಕೇಳಿ ಬೀಗಿತ್ತಿ. ಇದನ್ನ ಯಾರೂ ಕಚ್ಬೇಡಿ, ಹಲ್ಲು ಹೋಗುತ್ತೆ. ಮೂರು ಮದುವೆ ನೋಡಿ ಬಂದಿರೋ ಚಾಕಲೇಟು. ನಮ್ಮ ಕುಬಾನ್ ಸ್ಕೂಲಲ್ಲಿದ್ದಾಗಿನದೂ ಒಂದೆರಡು ಇರ್ಬಹುದು. ಮೇಲ್ಗಡೆ ಮಾತ್ರ ಹೊಸದು ಹಾಕಿದೀನಿ."

ಆಗ ಬುರುಲ್ ಎಜೆ ನಕ್ಕಳು. ಬೆಳಿಗ್ಗೆಯಿಂದ ಕಟ್ಟಿಟ್ಟಿದ್ದ ನಗು, ಹಿಟ್ಟು ಮೆತ್ತಿದ ರುಮಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ.

"ಬಾಮ್ಮ ಇಲ್ಲಿ," ಎಂದು ಅನಿಪಾ ಮೀರಿಮಳನ್ನು ಕರೆದಳು. ಬೆಳ್ಳಿಯ ಓಲೆ, ನಡುವೆ ಹವಳದ ಒಂದು ಚುಕ್ಕಿ. ಎಡಗಿವಿಗೆ ಬಿತ್ತು, ಬಲಗಿವಿಗೆ ಬಿತ್ತು. ಶಾಕಿನ್ ಅಪಾ ಅಂಗೈ ಬಿಚ್ಚಿ ಹರಸಿದಳು. ಮೀರಿಮ್ ತಲೆ ಅಲುಗಿಸಿದಾಗಲೆಲ್ಲ ಗೋಡೆಯ ಮೇಲೆ ಎರಡು ಸಣ್ಣ ಬೆಳಕು ಓಡಾಡುತ್ತಿದ್ದವು. ಅವನ್ನು ನೋಡಲು ಅವಳು ಬೇಕೆಂದೇ ತಲೆ ಅಲುಗಿಸುತ್ತಿದ್ದಳು.

ಬುರುಲ್ ಎಜೆ ದುಡ್ಡಿಟ್ಟ ಒಂದು ಲಕೋಟೆ ತಂದಳು. "ನಿಮಗೆ ರುಮಾಲು ಹೊದಿಸ್ಬೇಕಿತ್ತು. ಬಣ್ಣ ಯಾವುದು ಇಷ್ಟವೋ ಗೊತ್ತಾಗ್ಲಿಲ್ಲ, ಅದಕ್ಕೆ..."

"ನನ್ಹತ್ರ ಹನ್ನೊಂದು ರುಮಾಲಿದೆ ಬೀಗಿತ್ತಿ. ತಲೆ ಒಂದೇ."

ಆಗಲೇ ಮೇಲಿನ ಬೀದಿಯಿಂದ ಕೇಳಿಸಿತು: ಪೋಂ, ಪೋಂ, ಪೋಂ, ಆಮೇಲೆ ಉದ್ದನೆಯ ಒಂದು.

"ಏನದು?"

"ಹಿಟ್ಟಿನ ಲಾರಿ. ಬಜಾರಿಗಿಂತ ಅಗ್ಗ. ಇಡೀ ಚೀಲ ಆದ್ರೆ ಮಾತ್ರ ಕೊಡ್ತಾನೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರ ಮುಖದಲ್ಲೂ ಒಂದೇ ಯೋಚನೆ ಒಂದೇ ಹೊತ್ತಿಗೆ ಮೂಡುವುದನ್ನು ನಾನು ಕಂಡೆ.

"ಮುಂದಿನ ವಾರ ನೀವು ನಮ್ಮನೆಗೆ ಬರೋ ಔತಣಕ್ಕೆ, ಹೋಗ್ತಾ ಎಣ್ಣೆ ತಗೊಳ್ಳೋಣ ಅಂತ ದುಡ್ಡು ತಂದಿದ್ದೆ," ಎಂದಳು ಅನಿಪಾ. "ನೀವು ಬಂದಾಗ ಬಟ್ಟೆ ಕಂಡ್ರೆ..."

"ಕಾಣ್ಲಿ! ಹೂವಿನ ಬಟ್ಟೇನೇ ಹಾಸಿ, ಹೂವು ನೋಡ್ಕೊಂಡು ಚಹಾ ಕುಡೀತೀವಿ."

"ಹಂಗಾದ್ರೆ ಆ ದುಡ್ಡೂ ಈ ಲಕೋಟೆನೂ ಸೇರಿಸಿದ್ರೆ?"

"ಬಂತು ಚೀಲ!" ಬುರುಲ್ ಎಜೆ ಆಗಲೇ ಬಾಗಿಲಲ್ಲಿದ್ದಳು. ಒಂದು ಕಾಲಿಗೆ ತನ್ನ ರಬ್ಬರ್ ಚಪ್ಪಲಿ, ಇನ್ನೊಂದಕ್ಕೆ ಗಂಡ ಜುಮಾಶನದು.

"ಮೆಲ್ಲಗೇ!" ಎಂದು ಕೂಗಿದಳು ಶಾಕಿನ್ ಅಪಾ. "ಹಿಟ್ಟು ಹಂಚ್ಕೊಂಡ್ರೆ ಜಗಳ ಬರುತ್ತೆ ಅಂತ ನೀನೇ ಹೇಳಿದ್ದೆಯಲ್ಲೇ!"

"ಬೀಗರ ಹತ್ರ ಜಗಳಕ್ಕೆ ಇನ್ನೂ ಬೇಕಾದಷ್ಟು ಕಾಲ ಇದೆ ಅಪಾ!"

ಲಾರಿ ತಿರುವಿನಲ್ಲಿ ಕಾಣಿಸಿತು. ಬುರುಲ್ ಎಜೆ ಎರಡೂ ಕೈ ಮೇಲೆತ್ತಿ ಬೀದಿಯ ನಟ್ಟನಡುವೆ ಇಳಿದಳು. ಹಿಂದೆಯೇ ಅನಿಪಾ, ಬಿಳಿ ರುಮಾಲು ಜಾರಿ ಕತ್ತಿಗೆ ಬಿದ್ದಿತ್ತು. ನಡೆಯುತ್ತಲೇ ಬುರುಲ್ ಎಜೆ ಹೇಳುತ್ತಿದ್ದಳು: "ಅಳೆಯೋವಾಗ ನಮ್ಮ ಶಿಶುವಿಹಾರದ ತಕ್ಕಡಿ ತರ್ತೀನಿ ಬೀಗಿತ್ತಿ, ಬಟ್ಟಲಲ್ಲಿ ಮಾತ್ರ ಬೇಡ, ಮತ್ತೆ ಎತ್ತೋವಾಗ ಆ ತುದಿ ನೀವು ಹಿಡ್ಕೊಳ್ಳಿ, ಈ ತುದಿ ನಾನು, ಇನ್ನು ಆ ತುರಿಮಣೆ ಇದೆಯಲ್ಲ, ಅದನ್ನ ಒಂದ್ಸಲ ನಂಗೆ ಕೊಟ್ಟಿರಿ."